ಕೋಟೆ ಕುಸಿಯಿತು, ಸಂತೆ ನಿಲ್ಲಲಿಲ್ಲ: ಲಡ್ಲೋ ಪಟ್ಟಣದ ಒಂಬತ್ತು ಶತಮಾನ

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಗಡಿಗೆ ಹೊಂದಿಕೊಂಡ ಶ್ರಾಪ್‌ಶೈರ್ ಸೀಮೆಯ ದಕ್ಷಿಣದಲ್ಲಿ, ಟೀಮ್ ನದಿ ಬಳಸಿ ಹರಿಯುವ ಒಂದು ದಿಬ್ಬದ ಮೇಲೆ ಲಡ್ಲೋ ಪಟ್ಟಣವಿದೆ. ಜನಸಂಖ್ಯೆ 10,000ದ ಆಸುಪಾಸು. ಕಾನೂನಿನ ರಕ್ಷಣೆಗೆ ಒಳಪಟ್ಟ ಹಳೆಯ ಕಟ್ಟಡಗಳು 500ರಷ್ಟು. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರಿತ್ರೆ ಹೇಗೆ ಬಂತೆಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದೇ: ಕೋಟೆ. ಪ್ರವಾಸಿ ಕೈಪಿಡಿಗಳು ಲಡ್ಲೋ ಕಥೆಯನ್ನು ಕೋಟೆಯ ಹೆಬ್ಬಾಗಿಲಿನಿಂದಲೇ ಶುರುಮಾಡುತ್ತವೆ. ನಾರ್ಮನ್ನರು 11ನೇ ಶತಮಾನದ ಕೊನೆಗೆ ಕಟ್ಟಿದರು, ಡಿ ಲೇಸಿ ಮನೆತನ ಆಳಿತು, ಮದುವೆಯ ಸಂಬಂಧದಿಂದ ಮಾರ್ಟಿಮರ್‌ಗಳ ಕೈಸೇರಿತು, ರಾಜಕುಮಾರರು ಬಂದು ನೆಲೆಸಿದರು, ಕೊನೆಗೆ ಪಾಳುಬಿತ್ತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕಥೆ ಹೇಳುವವರು ಒಂದು ಪ್ರಶ್ನೆಯನ್ನು ದಾಟಿಹೋಗುತ್ತಾರೆ. ಕೋಟೆ ಪಾಳುಬಿದ್ದು ಹತ್ತಿರ ಹತ್ತಿರ ಮುನ್ನೂರು ವರ್ಷಗಳಾದವು. ಊರು ಏಕೆ ಪಾಳುಬೀಳಲಿಲ್ಲ? ಊರು ಹುಟ್ಟುವುದರಲ್ಲಿ ಕೋಟೆಯ ಪಾಲಿದೆ ಎಂಬುದನ್ನು ಒಪ್ಪೋಣ. ಉಳಿಸಿದ್ದು ಮಾತ್ರ ಸಂತೆ, ಮತ್ತು ಆ ಸಂತೆಯ ಸುತ್ತ ಹುಟ್ಟಿ ಊರಿನವರ ಒಡೆತನದಲ್ಲೇ ಬೆಳೆದ ಸಂಸ್ಥೆಗಳು. ಗಿಲ್ಡ್, ಪುರಸಭೆ, ಶಾಲೆ, ದತ್ತಿಗಳ ದಾಖಲೆಗಳನ್ನು ಕೋಟೆಯ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತಿಗೆ ಆಧಾರ ಸಿಗುತ್ತದೆ.

ಮೊದಲು ನೆರೆಹೊರೆಯನ್ನು ನೋಡಬೇಕು. ಲಡ್ಲೋದಿಂದ ದಕ್ಷಿಣಕ್ಕೆ ನಾಲ್ಕೈದು ಮೈಲಿ ಹೋದರೆ ರಿಚರ್ಡ್ಸ್ ಕ್ಯಾಸಲ್ ಸಿಗುತ್ತದೆ. ಅಲ್ಲಿನ ಕೋಟೆ ನಾರ್ಮನ್ ವಿಜಯಕ್ಕೂ ಮೊದಲಿನದು, ಎಂದರೆ ಲಡ್ಲೋ ಕೋಟೆಗಿಂತ ಹಳೆಯದು. ಅದರ ಮಗ್ಗುಲಿಗೂ ಒಂದು ಪೇಟೆ ಕಟ್ಟಿದ್ದರು, ಸಂತೆ ಜಾತ್ರೆಗಳೂ ಇದ್ದವು. ಇಂದು ಅಲ್ಲಿರುವುದು ಒಂದು ಹಳ್ಳಿ, ಹಳೆಯ ಚರ್ಚು, ಗಿಡಗಂಟಿ ಬೆಳೆದ ಮಣ್ಣಿನ ದಿಬ್ಬ. ನೈಋತ್ಯಕ್ಕಿರುವ ವಿಗ್ಮೋರ್ ಮಾರ್ಟಿಮರ್ ಮನೆತನದ ಮೂಲ ಕೋಟೆ. ಇಂಗ್ಲೆಂಡಿನ ಸಿಂಹಾಸನವನ್ನೇ ಅಲುಗಿಸಿದ ಮನೆತನ ಅದು. ವಿಗ್ಮೋರ್ ಕೂಡ ಈಗ ಹಳ್ಳಿಯೇ. ಕೋಟೆ ಇದ್ದಲ್ಲೆಲ್ಲ ಪಟ್ಟಣ ನಿಲ್ಲುವುದಾದರೆ ಈ ಎರಡು ಊರುಗಳು ಲಡ್ಲೋಗೆ ಸಮನಾಗಿ ನಿಲ್ಲಬೇಕಿತ್ತು. ವೇಲ್ಸ್ ಗಡಿಯುದ್ದಕ್ಕೂ ಕೋಟೆಗಳ ಸಾಲೇ ಇದೆ, ಪಟ್ಟಣಗಳು ಮಾತ್ರ ಬೆರಳೆಣಿಕೆಯಷ್ಟು. ಹಾಗಾದರೆ ಲಡ್ಲೋದಲ್ಲಿದ್ದ ಹೆಚ್ಚುವರಿ ಏನು? ಹೆರಿಫರ್ಡ್‌ನಿಂದ ಶ್ರೂಸ್‌ಬರಿಗೆ ಹೋಗುವ ದಾರಿ ಟೀಮ್ ನದಿಯನ್ನು ದಾಟುವ ಜಾಗ ಇದು. ಪಶ್ಚಿಮಕ್ಕೆ ಕುರಿ ದನಗಳ ಬೆಟ್ಟನಾಡು, ಪೂರ್ವಕ್ಕೂ ದಕ್ಷಿಣಕ್ಕೂ ಧಾನ್ಯ ಬೆಳೆಯುವ ತಗ್ಗುನಾಡು. ಒಂದು ಸೀಮೆಯಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡರ ಗಡಿಯಲ್ಲಿ ಸಂತೆ ತಾನಾಗಿಯೇ ಕೂಡುತ್ತದೆ. ಅದಕ್ಕೆ ಪ್ರಭುವಿನ ಅಪ್ಪಣೆ ಆಮೇಲೆ ಬಂದರೂ ಆದೀತು.

ಅಪ್ಪಣೆ ಬೇಡವೆಂದಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತೆ ನಡೆಸುವುದು ಒಂದು ಹಕ್ಕು, ಆಸ್ತಿಯ ಹಾಗೆ. ಸುಂಕ ಎತ್ತುವುದು, ತೂಕ ಅಳತೆ ಪರೀಕ್ಷಿಸುವುದು, ಸಂತೆಯ ಜಗಳಗಳನ್ನು ಆ ದಿನವೇ ತೀರ್ಮಾನಿಸುವುದು ಎಲ್ಲವೂ ಆ ಹಕ್ಕಿನೊಳಗೆ ಬರುತ್ತಿದ್ದವು. 13ನೇ ಶತಮಾನದ ಬ್ರಾಕ್ಟನ್ನನ ಹೆಸರಿನ ಕಾನೂನು ಗ್ರಂಥದಲ್ಲಿ ಸಂತೆಗಳ ನಡುವಿನ ಅಂತರದ ಲೆಕ್ಕವೇ ಇದೆ. ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ; ಆ ದಿನದ ಮೂರನೇ ಒಂದು ಭಾಗ ಸಂತೆಗೆ ಹೋಗಲು, ಒಂದು ಭಾಗ ವ್ಯಾಪಾರಕ್ಕೆ, ಉಳಿದದ್ದು ಕತ್ತಲಾಗುವ ಮುನ್ನ ಮನೆ ಸೇರಲು. ಆದ್ದರಿಂದ ಇರುವ ಸಂತೆಯಿಂದ 20 ಮೈಲಿಯ ಮೂರನೇ ಒಂದಂಶದೊಳಗೆ, ಎಂದರೆ ಆರೂವರೆಗಿಂತ ಸ್ವಲ್ಪ ಹೆಚ್ಚು ಮೈಲಿಯೊಳಗೆ, ಹೊಸದೊಂದು ಸಂತೆ ಎದ್ದರೆ ಹಳೆಯದಕ್ಕೆ ಹಾನಿಯೆಂದು ದಾವೆ ಹೂಡಬಹುದಿತ್ತು. ರಿಚರ್ಡ್ಸ್ ಕ್ಯಾಸಲ್ ಲಡ್ಲೋದಿಂದ ಇದ್ದ ದೂರ ಇದಕ್ಕಿಂತ ಕಡಿಮೆ. ಎರಡು ಸಂತೆಗಳಿಗೆ ಸಾಲುವಷ್ಟು ಗಿರಾಕಿಗಳು ಆ ಸೀಮೆಯಲ್ಲಿ ಇರಲಿಲ್ಲ, ಒಂದು ಸತ್ತಿತು. ಆ ಕಾಲದಲ್ಲಿ ಇಂಗ್ಲೆಂಡಿನಾದ್ಯಂತ ಸುಮಾರು 2,000 ಊರುಗಳಲ್ಲಿ ಸಂತೆಯ ಹಕ್ಕಿತ್ತೆಂದು ಇತಿಹಾಸಕಾರರು ಎಣಿಸಿದ್ದಾರೆ. 16-17ನೇ ಶತಮಾನಗಳ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕಿಂತ ಎಷ್ಟೋ ಕಡಿಮೆ ಉಳಿದಿದ್ದವು. ಪ್ಲೇಗಿನಲ್ಲಿ ಜನ ಸತ್ತದ್ದು ಒಂದು ಕಾರಣ. ಹಕ್ಕುಪತ್ರ ಪಡೆದು ಸಂತೆ ಕಟ್ಟಿದ ಪ್ರಭುವಿಗೆ ಸುಂಕ ಬಿಟ್ಟರೆ ಬೇರೇನೂ ಬೇಕಿರಲಿಲ್ಲ ಎಂಬುದು ಇನ್ನೊಂದು.

ಲಡ್ಲೋ ಊರಿನ ನಕ್ಷೆಯೇ ಮೊದಲ ಸಾಕ್ಷಿ. 1086ರ ಡೋಮ್ಸ್‌ಡೇ ದಾಖಲೆಯಲ್ಲಿ ಈ ಹೆಸರಿನ ಪಟ್ಟಣವಿಲ್ಲ. ಮುಂದಿನ ನೂರು ಚಿಲ್ಲರೆ ವರ್ಷಗಳಲ್ಲಿ ನೇರ ಬೀದಿಗಳು, ಬೀದಿಗೆ ಕಿರಿದಾಗಿ ಮುಖಮಾಡಿ ಹಿಂದಕ್ಕೆ ಉದ್ದವಾಗಿ ಚಾಚಿದ ನಿವೇಶನಗಳು, ಅವುಗಳ ಬೆನ್ನಿಗೆ ಓಣಿಗಳು ಎದ್ದವು. 1909ರಲ್ಲಿ ಪುರಾತತ್ವಜ್ಞ ಸೇಂಟ್ ಜಾನ್ ಹೋಪ್ ಇದು ತಾನಾಗಿ ಬೆಳೆದ ಊರಲ್ಲ, ಅಳೆದು ಹಾಕಿದ ಊರು ಎಂದು ತೋರಿಸಿದರು. ಒಂದೇ ಸಲಕ್ಕೆ ಹಾಕಿದ್ದಲ್ಲ, ಹಂತಹಂತವಾಗಿ ಸೇರಿಸಿದ್ದು ಎಂದು ನಂತರದ ವಿದ್ವಾಂಸರು ತಿದ್ದಿದರು. ಈ ನಕ್ಷೆಯ ನಡುಬೆನ್ನು ಕೋಟೆಯ ಬಾಗಿಲಿನಿಂದ ಪೂರ್ವದ ಬುಲ್ ರಿಂಗ್‌ವರೆಗೆ ದಿಬ್ಬದ ನೆತ್ತಿಯ ಮೇಲೆ ಹಾಸಿದ್ದ ಅಗಲವಾದ ಸಂತೆಮಾಳ. ಬುಲ್ ರಿಂಗ್ ದನಗಳ ವ್ಯಾಪಾರದ ಜಾಗ. ಇಂದು ಈ ಮಾಳದ ಪಶ್ಚಿಮದ ತುದಿ ಮಾತ್ರ ಬಯಲಾಗಿದೆ. ಉಳಿದ ಕಡೆ ಕಿರಿದಾದ ಕಟ್ಟಡಗಳ ಸಾಲುಗಳೂ ಅವುಗಳ ಮಧ್ಯೆ ಇಬ್ಬರು ಎದುರುಬದುರಾದರೆ ಮೈತಾಗುವಂಥ ಸಂದಿಗಳೂ ಇವೆ. ವಾರಕ್ಕೊಮ್ಮೆ ಹಾಕಿ ತೆಗೆಯಬೇಕಿದ್ದ ಸಂತೆಯ ಅಂಗಡಿಗಳು ಸಂಜೆಗೆ ಬಿಚ್ಚದೆ ಉಳಿದವು, ಮೇಲೆ ಮಾಡು ಬಂತು, ಆಮೇಲೆ ಮಹಡಿ ಬಂತು. ನಮ್ಮ ಪೇಟೆಗಳ ಫುಟ್‌ಪಾತಿನ ತಳ್ಳುಗಾಡಿ ನೋಡನೋಡುತ್ತ ಶೀಟಿನ ಅಂಗಡಿಯಾಗಿ, ಕೊನೆಗೆ ಆರ್‌ಸಿಸಿ ಕಟ್ಟಡವಾಗುವ ಹಾಗೆಯೇ. ಒತ್ತುವರಿಯನ್ನು ದೂರುವುದು ಸುಲಭ, ಆದರೆ ಜಾಗಕ್ಕೆ ಬೆಲೆಯಿಲ್ಲದ ಕಡೆ ಯಾರೂ ಒತ್ತುವರಿ ಮಾಡುವುದಿಲ್ಲ.

ಈ ಬೆಲೆ ಬಂದದ್ದು ಉಣ್ಣೆಯಿಂದ. ಗಡಿನಾಡಿನ ಕುರಿಗಳ ಉಣ್ಣೆಗೆ ಫ್ಲಾಂಡರ್ಸ್‌ನ ಮಗ್ಗಗಳಲ್ಲಿ ಒಳ್ಳೆಯ ಬೇಡಿಕೆಯಿತ್ತು. ಲಾರೆನ್ಸ್ ಆಫ್ ಲಡ್ಲೋ ಎಂಬ ವರ್ತಕ ಅದನ್ನು ಸಾಗಿಸಿ ದೇಶದ ದೊಡ್ಡ ಸಿರಿವಂತರಲ್ಲಿ ಒಬ್ಬನಾದ. 1281ರಲ್ಲಿ ಊರಿನ ವಾಯವ್ಯಕ್ಕಿರುವ ಸ್ಟೋಕ್‌ಸೇ ಎಸ್ಟೇಟನ್ನು ಕೊಂಡು, ಮನೆಗೆ ಕೋಟೆಯ ತೆನೆ ಕಟ್ಟಲು 1291ರಲ್ಲಿ ಅರಸನ ಪರವಾನಗಿ ಪಡೆದ. 1294ರಲ್ಲಿ ಉಣ್ಣೆ ತುಂಬಿದ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿ ಸತ್ತ. ಆ ವರ್ಷ ಯುದ್ಧದ ಖರ್ಚಿಗಾಗಿ ಅರಸ ಹೇರಿದ ಉಣ್ಣೆಯ ತೆರಿಗೆಯನ್ನು ಕುದುರಿಸುವುದರಲ್ಲಿ ಅವನ ಕೈಯಿದ್ದುದರಿಂದ, ಕುರಿ ಸಾಕುವವರು ಅವನಿಗಾಗಿ ಹೆಚ್ಚು ಅತ್ತಿರಲಾರರು. ಸ್ಟೋಕ್‌ಸೇ ಇಂದಿಗೂ ಬಹುಮಟ್ಟಿಗೆ ಅವನು ಕಟ್ಟಿಸಿದಂತೆಯೇ ನಿಂತಿದೆ. ಲಡ್ಲೋ ನೋಡಲು ಹೋದವರು ಅದನ್ನು ಬಿಟ್ಟು ಬರಬಾರದು. ದೊಡ್ಡ ಕಿಟಕಿಗಳ, ತೆಳು ರಕ್ಷಣೆಯ ಆ ಮನೆ ಸಂತೆಯ ಹಣ ಕೋಟೆಯ ವೇಷ ತೊಟ್ಟಾಗ ಹೇಗಿರುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಆದರೆ ಒಬ್ಬ ವರ್ತಕನ ಸಿರಿ ಅವನ ವಂಶಕ್ಕೆ ಹೋಗುತ್ತದೆ, ಊರಿಗಲ್ಲ. ಊರಿಗೆ ಉಳಿಯುವಂಥದ್ದನ್ನು ಕಟ್ಟಿದ್ದು ಪಾಮರ್ಸ್ ಗಿಲ್ಡ್. ಪವಿತ್ರ ನಾಡಿಗೆ ಹೋಗಿ ಬಂದ ಯಾತ್ರಿಕರ ಹೆಸರಿನಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಈ ಸಂಘದ 1284ರ ನಿಬಂಧನೆಗಳು ಉಳಿದಿವೆ. ಕಳವು, ಬೆಂಕಿ, ಹಡಗಿನ ಅವಘಡದಿಂದ ಕೆಟ್ಟುಹೋದ ಸದಸ್ಯನಿಗೆ ಸಂಘದ ಹಣದಿಂದ ನೆರವು ಕೊಡಬೇಕು. ಅನ್ಯಾಯವಾಗಿ ಸೆರೆಯಾದವನನ್ನು ಬಿಡಿಸಬೇಕು. ಕುರುಡಾದವರನ್ನೂ ಕುಷ್ಠ ತಗಲಿದವರನ್ನೂ ಕೈಬಿಡಬಾರದು. ಬಡ ಸದಸ್ಯನ ಮಗಳಿಗೆ ಮದುವೆಯಾಗಲು ಅಥವಾ ಮಠ ಸೇರಲು ಹಣ ಒದಗಿಸಬೇಕು. ಸತ್ತವರ ಮನೆಯಲ್ಲಿ ರಾತ್ರಿ ಜಾಗರಣೆ ಕೂತವರು ಮುಖವಾಡ ಹಾಕಿ ಹೆದರಿಸಬಾರದು, ಹೆಣದೊಂದಿಗೆ ಚೇಷ್ಟೆ ಮಾಡಬಾರದು ಎಂಬ ಕಟ್ಟಳೆಯೂ ಇದೆ. ಬೇಡವೆಂದು ಬರೆಯಬೇಕಾಗಿ ಬಂತೆಂದರೆ ಯಾರೋ ಮಾಡುತ್ತಿದ್ದರೆಂದೇ ಅರ್ಥ. ಸತ್ತ ಸದಸ್ಯರ ಆತ್ಮಕ್ಕೆ ನಿತ್ಯ ಪ್ರಾರ್ಥನೆ ಸಲ್ಲಿಸುವ ಪಾದ್ರಿಗಳನ್ನು ಗಿಲ್ಡ್ ಸಂಬಳಕ್ಕಿಟ್ಟಿತ್ತು. ಆ ಪ್ರಾರ್ಥನೆಯ ಪುಣ್ಯಕ್ಕಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದೂರದೂರದ ಊರುಗಳ ಸಾವಿರಾರು ಜನ ಸದಸ್ಯರಾದರು. ವಂತಿಗೆ ಎತ್ತಲು ಗಿಲ್ಡಿನ ಅಧಿಕಾರಿಗಳು ಕುದುರೆಯೇರಿ ಸಂಚರಿಸುತ್ತಿದ್ದರು. ಹಣ ಕೊಡಲಾಗದವರು, ಕೊಟ್ಟೂ ಇನ್ನಷ್ಟು ಪುಣ್ಯ ಬೇಕಿದ್ದವರು ಲಡ್ಲೋದ ಮನೆ ಅಂಗಡಿಗಳನ್ನು ಗಿಲ್ಡಿಗೆ ಬರೆದುಕೊಟ್ಟರು. ಹೀಗೆ ಎರಡು ಶತಮಾನಗಳಲ್ಲಿ ಗಿಲ್ಡ್ ಊರಿನ ದೊಡ್ಡ ಮನೆಮಾಲೀಕನಾಯಿತು.

ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಈ ಹಣ ಕಣ್ಣಿಗೆ ಕಾಣುತ್ತದೆ. ಪಟ್ಟಣದ ಚರ್ಚಾದರೂ ಕೆಥೆಡ್ರಲ್ಲಿನ ಗಾತ್ರ. 135 ಅಡಿ ಎತ್ತರದ ಗೋಪುರ. ಇದರ ಬಹುಭಾಗವನ್ನು 1433ರಿಂದ 1471ರ ನಡುವೆ ಮತ್ತೆ ಕಟ್ಟಿದರು. ಸೇಂಟ್ ಜಾನ್ ಹೆಸರಿನ ಗಿಲ್ಡಿನ ಪೂಜಾಗೃಹದ ಬಣ್ಣದ ಗಾಜಿನ ಕಿಟಕಿ ಒಂದು ಐತಿಹ್ಯವನ್ನು ಹೇಳುತ್ತದೆ: ಎಡ್ವರ್ಡ್ ದಿ ಕನ್ಫೆಸರ್ ಎಂಬ ಅರಸ ಭಿಕ್ಷುಕನ ವೇಷದಲ್ಲಿದ್ದ ಸಂತನಿಗೆ ಕೊಟ್ಟ ಉಂಗುರವನ್ನು, ಪವಿತ್ರ ನಾಡಿನಲ್ಲಿ ಆ ಸಂತನನ್ನೇ ಕಂಡ ಲಡ್ಲೋ ಯಾತ್ರಿಕರಿಬ್ಬರು ತಂದು ಅರಸನಿಗೆ ಹಿಂತಿರುಗಿಸಿದರು. ಆ ಅರಸ ತೀರಿಕೊಂಡದ್ದು 1066ರಲ್ಲಿ. ಲಡ್ಲೋ ಪಟ್ಟಣ ಆಗಿನ್ನೂ ಇರಲಿಲ್ಲ. ಸ್ಥಳಪುರಾಣಗಳು ಕಾಲಗಣನೆಗೆ ತಲೆಕೆಡಿಸಿಕೊಳ್ಳುವುದು ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಆ ಕಿಟಕಿಗಿಂತ ಹೆಚ್ಚು ಮಾತಾಡುವುದು ಗಾಯನಪೀಠಗಳ ಮಡಚುವ ಆಸನಗಳ ಅಡಿಯ ಮರದ ಕೆತ್ತನೆ. ಒಟ್ಟು 28 ಆಸನಗಳಲ್ಲಿ ಒಂದರ ಕೆಳಗೆ, ಅಳತೆಯಲ್ಲಿ ಮೋಸಮಾಡಿದ ಏಲ್ ಎಂಬ ಮದ್ಯ ಮಾರುವವಳೊಬ್ಬಳನ್ನು ಪಿಶಾಚಿ ತಲೆಕೆಳಗಾಗಿ ಹೊತ್ತು ನರಕದ ಬಾಯಿಗೆ ಎಸೆಯಲು ನಡೆದಿದೆ. ಕಳ್ಳ ಅಳತೆಯ ಪಾತ್ರೆ ಅವಳ ಕೈಯಲ್ಲೇ ಇದೆ. ಇನ್ನೊಂದು ಪಿಶಾಚಿ ಅವಳ ಪಾಪಗಳ ಪಟ್ಟಿ ಓದುತ್ತಿದೆ, ಮತ್ತೊಂದು ಬ್ಯಾಗ್‌ಪೈಪ್ ಊದುತ್ತಿದೆ. ಕೊಲೆಗಾರನನ್ನೋ ದ್ರೋಹಿಯನ್ನೋ ಕೆತ್ತಬಹುದಿತ್ತು. ಸಂತೆಯ ಊರಿನ ಬಡಗಿಗೆ ನರಕಕ್ಕೆ ಕಳಿಸಲು ತಕ್ಕ ಪಾಪಿಯಾಗಿ ಕಂಡವಳು ಅಳತೆಯಲ್ಲಿ ಕದ್ದವಳು.

ಈಗ ಮೊದಲ ಆಕ್ಷೇಪಣೆಯನ್ನು ಎದುರಿಸಬೇಕು. ಲಡ್ಲೋ ಹಿರಿಮೆಗೆ ಕಾರಣ ಅಲ್ಲಿದ್ದ ಗಡಿನಾಡಿನ ಆಡಳಿತ ಮಂಡಳಿ, ಎಂದರೆ ವೇಲ್ಸ್ ಮತ್ತು ಮಾರ್ಚಸ್ ಕೌನ್ಸಿಲ್, ಎಂದು ಹೇಳುವವರಿದ್ದಾರೆ. ನಾಲ್ಕನೇ ಎಡ್ವರ್ಡ್ ತನ್ನ ಎಳೆಯ ಮಗನನ್ನು 1473ರಲ್ಲಿ ಒಂದು ಮಂಡಳಿಯೊಂದಿಗೆ ಲಡ್ಲೋ ಕೋಟೆಗೆ ಕಳಿಸಿದ. ಆ ಹುಡುಗ 1483ರಲ್ಲಿ ಐದನೇ ಎಡ್ವರ್ಡನಾಗಿ ಇಲ್ಲಿಂದಲೇ ಲಂಡನ್ನಿಗೆ ಹೊರಟ, ಪಟ್ಟಾಭಿಷೇಕವಾಗಲಿಲ್ಲ. ಏಳನೇ ಹೆನ್ರಿಯ ಹಿರಿಮಗ ಆರ್ಥರ್ ಹೊಸ ಹೆಂಡತಿ ಕ್ಯಾಥರೀನಳೊಂದಿಗೆ ಬಂದು 1502ರ ಏಪ್ರಿಲ್‌ನಲ್ಲಿ ಇಲ್ಲೇ ಸತ್ತ. ಅವನ ತಮ್ಮ ಆ ವಿಧವೆಯನ್ನು ಮದುವೆಯಾಗಿ, ಮುಂದೆ ಬಿಡಬೇಕೆಂದು ಹೊರಟದ್ದರಿಂದ ಇಂಗ್ಲೆಂಡಿನ ಧರ್ಮವೇ ಬೇರೆಯಾಯಿತು. ಮಂಡಳಿಯ ನ್ಯಾಯಾಲಯಕ್ಕೆ ವೇಲ್ಸ್ ಕಡೆಯಿಂದ ಕಕ್ಷಿದಾರರು ಬರುತ್ತಿದ್ದರು, ವಕೀಲರು ಮನೆ ಮಾಡಿದರು. ಮರದ ಕೆತ್ತನೆಯ ಮುಂಭಾಗಕ್ಕೆ ಹೆಸರಾದ ಫೆದರ್ಸ್ ಹೋಟೆಲು 1619ರ ಸುಮಾರಿಗೆ ಅಂಥ ಒಬ್ಬ ವಕೀಲನ ಮನೆಯಾಗಿ ಮೈದಳೆದದ್ದು. 1634ರ ಸೆಪ್ಟೆಂಬರ್ 29ರಂದು ಮಂಡಳಿಯ ಅಧ್ಯಕ್ಷರ ಎದುರು ಮಿಲ್ಟನ್ ಬರೆದ ‘ಕೋಮಸ್’ ರೂಪಕ ಕೋಟೆಯೊಳಗೆ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಇದೆಲ್ಲ ನಿಜ, ಊರಿಗೆ ಇದರಿಂದ ಲಾಭವಾದದ್ದೂ ನಿಜ.

ಆದರೆ ವರ್ಷಗಳ ಅನುಕ್ರಮ ಈ ವಾದಕ್ಕೆ ಒಗ್ಗುವುದಿಲ್ಲ. ಚರ್ಚಿನ ಪುನರ್ನಿರ್ಮಾಣ ಮುಗಿದ ಮೇಲೆ ಮಂಡಳಿ ಬಂತು. ಗಿಲ್ಡ್ ಅದಕ್ಕಿಂತ ಎರಡು ಶತಮಾನ ಹಿಂದಿನದು. ಕೋಟೆಯಿಂದ ಊರಿಗೆ ಕೇಡಾದದ್ದೂ ಉಂಟು: 1459ರ ಅಕ್ಟೋಬರ್‌ನಲ್ಲಿ ಸಿಂಹಾಸನಕ್ಕಾಗಿ ನಡೆದ ಅಂತರ್ಯುದ್ಧದಲ್ಲಿ, ಲಡ್ಫರ್ಡ್ ಸೇತುವೆಯ ಬಳಿ ಕೋಟೆಯ ಆಗಿನ ಒಡೆಯರಾದ ಯಾರ್ಕ್ ಮನೆತನದ ಪಕ್ಷದ ಸೈನ್ಯ ಕಾದಾಡದೆ ಚದುರಿ, ನಾಯಕರು ರಾತ್ರೋರಾತ್ರಿ ಓಡಿಹೋದಾಗ, ಎದುರಾಳಿಗಳು ಊರನ್ನು ಸೂರೆಮಾಡಿದರು. ಕೋಟೆಯ ಒಡೆಯನ ಪಕ್ಷದ ಊರೆಂಬುದೇ ಊರಿನ ತಪ್ಪು. ಎರಡು ವರ್ಷಗಳ ನಂತರ ಅದೇ ಮನೆತನದ ನಾಲ್ಕನೇ ಎಡ್ವರ್ಡ್ ಸಿಂಹಾಸನವೇರಿದಾಗ ಊರಿನವರು ಕೇಳಿ ಪಡೆದದ್ದು ಸೈನ್ಯವನ್ನಲ್ಲ, ಸನ್ನದನ್ನು. 1461ರ ಆ ಸನ್ನದಿನಿಂದ ಊರು ತನ್ನದೇ ಇಬ್ಬರು ಬೇಲಿಫ್‌ಗಳನ್ನು ಆರಿಸಿಕೊಳ್ಳುವ, ಅರಸನಿಗೆ ವರ್ಷಕ್ಕೊಂದು ಗೊತ್ತಾದ ಮೊತ್ತ ಕಟ್ಟಿ ಸಂತೆ ಜಾತ್ರೆಗಳ ಹುಟ್ಟುವಳಿಯನ್ನು ತಾನೇ ಇಟ್ಟುಕೊಳ್ಳುವ ಪುರಸಭೆಯಾಯಿತು. ಸಂತೆ ಪ್ರಭುವಿನ ಜೇಬಿನಿಂದ ಊರಿನ ಪೆಟ್ಟಿಗೆಗೆ ಬಂದದ್ದು ಅಂದು. ನನ್ನ ಎಣಿಕೆಯಲ್ಲಿ ಲಡ್ಲೋ ಚರಿತ್ರೆಯ ನಡುಗಂಬ ಈ ವರ್ಷ. ರಾಜಕುಮಾರರು ಬಂದ ವರ್ಷಗಳಲ್ಲ.

ಇದರ ಬೆಲೆ ತಿಳಿದದ್ದು ತೊಂಬತ್ತು ವರ್ಷಗಳ ಮೇಲೆ. ಆರನೇ ಎಡ್ವರ್ಡನ ಸರ್ಕಾರ ಸತ್ತವರಿಗಾಗಿ ಪ್ರಾರ್ಥಿಸುವುದು ಮೂಢನಂಬಿಕೆಯೆಂದು ಸಾರಿ ದೇಶದಾದ್ಯಂತ ಅಂಥ ದತ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಅನೇಕ ಊರುಗಳ ಗಿಲ್ಡ್ ಆಸ್ತಿ ಹೀಗೆ ಕರಗಿ ದಲ್ಲಾಳಿಗಳ ಪಾಲಾಯಿತು. ಲಡ್ಲೋದಲ್ಲಿ ಹಾಗಾಗಲಿಲ್ಲ. 1551ರಲ್ಲಿ ಗಿಲ್ಡ್ ತನ್ನ ಆಸ್ತಿಯನ್ನು ಒಪ್ಪಿಸಿತು; 1552ರಲ್ಲಿ ಅದನ್ನೆಲ್ಲ ಪುರಸಭೆಗೆ ವಹಿಸಲಾಯಿತು. ಬದಲಿಗೆ ಪುರಸಭೆ ಗಿಲ್ಡ್ ನಡೆಸುತ್ತಿದ್ದ ಗ್ರಾಮರ್ ಶಾಲೆಯನ್ನೂ ಬಡವರ ಧರ್ಮಗೃಹವನ್ನೂ ನಡೆಸಿಕೊಂಡು ಹೋಗಬೇಕು, ಚರ್ಚಿಗೆ ಒಬ್ಬ ಬೋಧಕನನ್ನು ಇಡಬೇಕು. ಆಸ್ತಿ ವಹಿಸಿಕೊಳ್ಳಲು ಒಂದು ಸಂಸ್ಥೆ ಮೊದಲೇ ಸಿದ್ಧವಾಗಿದ್ದರಿಂದ ಇದು ಸಾಧ್ಯವಾಯಿತು. ಜಾನ್ ಹೋಜಿಯರ್ ಎಂಬ ವರ್ತಕ 1462ರಲ್ಲಿ ಸ್ಥಾಪಿಸಿದ ಧರ್ಮಗೃಹ ಈಗಲೂ ಚರ್ಚಿನ ಮಗ್ಗುಲಲ್ಲಿದೆ. ಈಗಿನ ಕಟ್ಟಡವನ್ನು 1758ರಲ್ಲಿ ವಿನ್ಯಾಸಗೊಳಿಸಿದವರು ಥಾಮಸ್ ಫಾರ್ನಲ್ಸ್ ಪ್ರಿಚರ್ಡ್; ಮುಂದೆ ಸೆವರ್ನ್ ನದಿಗೆ ಜಗತ್ತಿನ ಮೊದಲ ದೊಡ್ಡ ಎರಕದ ಕಬ್ಬಿಣದ ಸೇತುವೆಯ ನಕ್ಷೆ ಬರೆದವರೂ ಅವರೇ.

ಮಂಡಳಿ 1689ರಲ್ಲಿ ರದ್ದಾಯಿತು. ಲಡ್ಲೋ ಕೋಟೆಯ ಪರೀಕ್ಷೆಯೆಂದರೆ ಇದೇ, ನನ್ನ ವಾದದ ಪರೀಕ್ಷೆಯೂ ಇದೇ. ಕೋಟೆಗೆ ಉಳಿಯಲು ಬೇರೆ ಆಧಾರವಿರಲಿಲ್ಲ. 1720ರ ದಶಕದಲ್ಲಿ ದೇಶಸಂಚಾರದ ಪುಸ್ತಕ ಬರೆದ ಡೇನಿಯಲ್ ಡಿಫೋ ಅದು ಹಾಳಾಗುತ್ತಿರುವುದನ್ನೇ ವರ್ಣಿಸಿದ. ಊರಿನಲ್ಲಾದರೋ ಮುಂದಿನ ನೂರು ವರ್ಷಗಳಲ್ಲಿ ಕಟ್ಟಿದಷ್ಟು ಚೆಂದದ ಮನೆಗಳನ್ನು ಹಿಂದೆಂದೂ ಕಟ್ಟಿರಲಿಲ್ಲ. ಬ್ರಾಡ್ ಸ್ಟ್ರೀಟ್ ಅದಕ್ಕೆ ಸಾಕ್ಷಿ: ಮೇಲ್ತುದಿಯಲ್ಲಿ 1740ರ ದಶಕದ ಬಟರ್ ಕ್ರಾಸ್, ಇಳಿಜಾರಿನ ಎರಡೂ ಬದಿಗೆ ಜಾರ್ಜಿಯನ್ ಇಟ್ಟಿಗೆಮನೆಗಳು, ಅವುಗಳ ನಡುನಡುವೆ ಹಳೆಯ ಮರದ ಚೌಕಟ್ಟಿನವು, ಕೆಳತುದಿಯಲ್ಲಿ ಊರಿನ ಏಳು ಬಾಗಿಲುಗಳಲ್ಲಿ ಉಳಿದ ಒಂದೇ ಒಂದು ಬಾಗಿಲು. ಬಟರ್ ಕ್ರಾಸಿನ ಕಂಬಗಳ ಕೆಳಗೆ ಬೆಣ್ಣೆ ಮಾರುತ್ತಿದ್ದರು. ಸುತ್ತಲಿನ ಜಮೀನ್ದಾರರು ಚಳಿಗಾಲ ಕಳೆಯಲು ಪೇಟೆಗೆ ಬಂದರು. ಬಡವರ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಕೈಗವಸು ಹೊಲಿದರು; ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಅದೇ ಊರಿನ ಮುಖ್ಯ ಕಸುಬು. 1826ರಲ್ಲಿ ಫ್ರೆಂಚ್ ಕೈಗವಸುಗಳಿಗೆ ಬಾಗಿಲು ತೆರೆದ ಮೇಲೆ ಆ ಕಸುಬೂ ನೆಲಕಚ್ಚಿತು. ಉಣ್ಣೆ ಹೋಯಿತು, ಬಟ್ಟೆ ಹೋಯಿತು, ನ್ಯಾಯಾಲಯ ಹೋಯಿತು, ಕೈಗವಸು ಹೋಯಿತು. ಒಂದೊಂದು ಹೋದಾಗಲೂ ಸುತ್ತಿನ ಹಳ್ಳಿಗಳಿಗೆ ಬೇಕಾದದ್ದನ್ನು ಮಾರುವ, ಅವುಗಳದ್ದನ್ನು ಕೊಳ್ಳುವ ಕೆಲಸ ಉಳಿದೇ ಇತ್ತು.

ಎರಡನೇ ಆಕ್ಷೇಪಣೆ ಹೆಚ್ಚು ಚುಚ್ಚುವಂಥದ್ದು. ಊರಿನ ಒಡೆತನ, ಊರಿನ ಸಂಸ್ಥೆ ಎಂದು ಹೊಗಳುವ ಈ ಪುರಸಭೆ ನಿಜಕ್ಕೂ ಯಾರದ್ದು? ‘ಹನ್ನೆರಡು ಮತ್ತು ಇಪ್ಪತ್ತೈದು’ ಎಂದು ಕರೆಯುತ್ತಿದ್ದ ಆ ಸಭೆಯಲ್ಲಿ ಖಾಲಿಬಿದ್ದ ಸ್ಥಾನಗಳಿಗೆ ಇದ್ದ ಸದಸ್ಯರೇ ಹೊಸಬರನ್ನು ಆರಿಸುತ್ತಿದ್ದರು. ಗಿಲ್ಡಿನಿಂದ ಬಂದ ಮನೆಗಳನ್ನು ಕಡಿಮೆ ಬಾಡಿಗೆಗೆ ತಮಗೂ ನೆಂಟರಿಗೂ ಗುತ್ತಿಗೆ ಕೊಟ್ಟುಕೊಳ್ಳುತ್ತಾರೆಂಬ ದೂರು ಎಲಿಜಬೆತ್ ರಾಣಿಯ ಕಾಲದಲ್ಲೇ ಕೋರ್ಟು ಮುಟ್ಟಿತ್ತು. 18ನೇ ಶತಮಾನದಲ್ಲಿ ಊರಿನ ಪಾರ್ಲಿಮೆಂಟ್ ಸ್ಥಾನಗಳು ಕ್ಲೈವ್ ಮನೆತನದ ಮುಷ್ಟಿಗೆ ಬಂದವು. ನಮ್ಮ ಓದುಗರಿಗೆ ಈ ಹೆಸರು ಹೊಸದಲ್ಲ. ಪ್ಲಾಸಿಯಲ್ಲಿ ಗೆದ್ದ ರಾಬರ್ಟ್ ಕ್ಲೈವ್ ಬಂಗಾಳದಿಂದ ತಂದ ಹಣದಲ್ಲಿ ಶ್ರಾಪ್‌ಶೈರ್‌ನ ಎಸ್ಟೇಟುಗಳನ್ನು ಕೊಂಡ. ಅವನ ಮಗ ಎಡ್ವರ್ಡ್ 1774ರಿಂದ 1794ರವರೆಗೆ ಲಡ್ಲೋ ಸದಸ್ಯನಾಗಿದ್ದು, 1798ರಲ್ಲಿ ಮದ್ರಾಸಿನ ಗವರ್ನರನಾಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಗಾದಿಯಲ್ಲಿದ್ದವನು ಅವನೇ. 1800ರಲ್ಲಿ ಅವನ ಹೆಂಡತಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮೈಸೂರು ಸೀಮೆಯಲ್ಲಿ ಸಂಚರಿಸಿದಳು. ಟಿಪ್ಪುವಿನ ಡೇರೆಯೂ ಸಿಂಹಾಸನದ ಅಲಂಕಾರವಾಗಿದ್ದ ಚಿನ್ನದ ಹುಲಿಯ ತಲೆಗಳಲ್ಲೊಂದೂ ಆ ಮನೆತನದ ಸಂಗ್ರಹಕ್ಕೆ ಸೇರಿ ಇಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿವೆ. ಊರಿಗೆ ಮರಳಿ ಪೋವಿಸ್‌ನ ಅರ್ಲ್ ಆದ ಅದೇ ಎಡ್ವರ್ಡ್ 1811ರಲ್ಲಿ ಲಡ್ಲೋ ಕೋಟೆಯನ್ನು ಸರ್ಕಾರದಿಂದ 1,560 ಪೌಂಡಿಗೆ ಕೊಂಡ. ಕೋಟೆ ಇಂದಿಗೂ ಆ ಎಸ್ಟೇಟಿನದೇ. ಲಡ್ಲೋ ಬಗೆಗಿನ ಇಂಗ್ಲಿಷ್ ಕೈಪಿಡಿಗಳು ಈ ಖರೀದಿಯನ್ನು ಸಂರಕ್ಷಣೆಯ ಕೆಲಸವೆಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಹಣ ಎಲ್ಲಿಂದ ಬಂತೆಂಬುದೂ ಆ ವಾಕ್ಯದಲ್ಲಿ ಇರಬೇಕು.

ಈ ಆಕ್ಷೇಪಣೆಯನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಲಡ್ಲೋ ಪುರಸಭೆ ಪ್ರಜಾಪ್ರಭುತ್ವವಾಗಿರಲಿಲ್ಲ. ಆದರೆ ಸಂಸ್ಥೆ ಕೆಟ್ಟವರ ಕೈಯಲ್ಲಿದ್ದಾಗಲೂ ಆಸ್ತಿ ಯಾವ ಉದ್ದೇಶಕ್ಕೆಂದು ಬರೆದ ಪತ್ರ ಉಳಿದಿತ್ತು, ಆ ಪತ್ರ ಹಿಡಿದು ಜನ ದೂರು ಕೊಡಬಹುದಿತ್ತು, ಕೊಟ್ಟರು ಕೂಡ. 1835ರ ಕಾಯಿದೆ ಇಂಥ ಮುಚ್ಚಿದ ಪುರಸಭೆಗಳನ್ನು ಚುನಾವಣೆಗೆ ಒಡ್ಡಿ, ಧರ್ಮದತ್ತಿಗಳನ್ನು ಅವುಗಳಿಂದ ಬೇರ್ಪಡಿಸಿತು. ಕೋಟೆಯ ವಿಷಯದಲ್ಲಿ ಊರಿನವರು ಹೀಗೆ ಕೇಳಲು ಯಾವ ಪತ್ರವೂ ಇರಲಿಲ್ಲ. ಪಾರ್ಲಿಮೆಂಟ್ ಸ್ಥಾನಗಳು 1868ರಲ್ಲಿ ಒಂದಕ್ಕಿಳಿದು 1885ರಲ್ಲಿ ಸುತ್ತಲಿನ ಕ್ಷೇತ್ರದಲ್ಲಿ ಬೆರೆತುಹೋದವು. ಅದರಿಂದ ಸಂತೆಗೆ ಒಂದು ದಿನವೂ ತಪ್ಪಿದ್ದಿಲ್ಲ.

19ನೇ ಶತಮಾನದ ಉಳಿದ ಸಂಗತಿಗಳನ್ನು ಬೇಗ ಹೇಳಬಹುದು. ಭೂವಿಜ್ಞಾನಿ ರೋಡರಿಕ್ ಮರ್ಚಿಸನ್ ಇಲ್ಲಿನ ಬಂಡೆಗಳನ್ನು ಓದಿ 1839ರಲ್ಲಿ ‘ದಿ ಸಿಲೂರಿಯನ್ ಸಿಸ್ಟಮ್’ ಪ್ರಕಟಿಸಿದ. 42 ಕೋಟಿ ವರ್ಷಗಳಿಗೂ ಹಿಂದಿನ ಒಂದು ಕಾಲಘಟ್ಟಕ್ಕೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದು ಲಡ್ಲೋ ಎಂದೇ ಹೇಳುತ್ತಾರೆ. ಊರಿನ ಪ್ರಕೃತಿ ವಿಜ್ಞಾನ ಸಂಘ 1833ರಲ್ಲೇ ಹುಟ್ಟಿ ವಸ್ತುಸಂಗ್ರಹಾಲಯ ಕಟ್ಟಿತ್ತು. 1852ರಲ್ಲಿ ರೈಲು ಬಂತು. 1896ರ ‘ಎ ಶ್ರಾಪ್‌ಶೈರ್ ಲ್ಯಾಡ್’ ಸಂಕಲನದಿಂದ ಲಡ್ಲೋ ಹೆಸರನ್ನು ಇಂಗ್ಲಿಷ್ ಓದುಗರ ಬಾಯಲ್ಲಿ ನಿಲ್ಲಿಸಿದ ಎ. ಇ. ಹೌಸ್‌ಮನ್ ಪಕ್ಕದ ವುಸ್ಟರ್‌ಶೈರ್‌ನವರು. ಅವರ ಚಿತಾಭಸ್ಮ 1936ರಿಂದ ಸೇಂಟ್ ಲಾರೆನ್ಸ್ ಚರ್ಚಿನ ಉತ್ತರದ ಗೋಡೆಯ ಹೊರಗಿದೆ. ಸಂತೆಮಾಳದ ನಡುವೆ 1880ರ ದಶಕದ ಕೊನೆಗೆ ಇಟ್ಟಿಗೆಯ ದೊಡ್ಡ ಟೌನ್‌ಹಾಲ್ ಎದ್ದು ಸಂತೆಯನ್ನು ಒಳಗೆ ಸೇರಿಸಿಕೊಂಡಿತು. ಅದು ಚೆನ್ನಾಗಿದೆಯೆಂದವರು ಕಡಿಮೆ. 1986ರಲ್ಲಿ ಅದನ್ನು ಕೆಡವಿದಾಗ ಮಾಳ ಮತ್ತೆ ಬಯಲಾಯಿತು, ಅಂಗಡಿಗಳು ಹೊರಗೆ ಬಂದವು.

ಕೊನೆಯ ಆಕ್ಷೇಪಣೆ ಇಂದಿನದು. ಈಗಿರುವುದು ಪ್ರವಾಸಿಗಳಿಗಾಗಿ ಹಾಕಿದ ವೇಷವಲ್ಲವೇ, ನಿಜವಾದ ದಿನಸಿ ಸೂಪರ್‌ಮಾರ್ಕೆಟ್ಟಿನಲ್ಲಲ್ಲವೇ ಎಂದು ಕೇಳುತ್ತಾರೆ. ವರ್ಷಗಟ್ಟಲೆ ಜಗ್ಗಾಟದ ನಂತರ ಟೆಸ್ಕೋ 2000ದಲ್ಲಿ ರೈಲು ನಿಲ್ದಾಣದ ಬಳಿ ಬಾಗಿಲು ತೆರೆದದ್ದು ನಿಜ. ಆದರೆ ಆ ಜಗ್ಗಾಟದ ಫಲವಾಗಿ ಅದು ಊರಾಚೆಯ ಬಯಲಿಗೆ ಹೋಗದೆ ಸಂತೆಗೆ ನಡೆದುಹೋಗುವಷ್ಟು ಹತ್ತಿರ ಬಂತು. ಅದರ ಬಾಗಿದ ಮಾಡು ಹಿಂದಿನ ಗುಡ್ಡದ ಸಾಲಿಗೆ ಹೊಂದುವಂತೆ ವಿನ್ಯಾಸಗೊಂಡಿತು. ಸ್ಥಳೀಯ ವ್ಯಾಪಾರಿಗಳು 1995ರಲ್ಲಿ ಶುರುಮಾಡಿದ ಆಹಾರೋತ್ಸವ ಬ್ರಿಟನ್ನಿನಲ್ಲಿ ಆ ಬಗೆಯ ಉತ್ಸವಗಳಿಗೆ ಮೇಲ್ಪಂಕ್ತಿ. ಅದು ಪ್ರತಿ ಸೆಪ್ಟೆಂಬರ್‌ನಲ್ಲಿ ಕೋಟೆಯ ಹೊರ ಅಂಗಳದಲ್ಲಿ ಸೇರುತ್ತದೆ. ಕಾವಲು ಪಡೆ ಕವಾಯತು ಮಾಡುತ್ತಿದ್ದ ಜಾಗದಲ್ಲಿ ಸಾಸೇಜು, ಚೀಸು, ಸೈಡರ್ ಮಾರುತ್ತಾರೆ. 2003ರಲ್ಲಿ ಲಡ್ಲೋ, ನಿಧಾನದ ಬದುಕನ್ನು ಮೆಚ್ಚುವ ಪಟ್ಟಣಗಳ ಇಟಲಿ ಮೂಲದ ಸಿಟ್ಟಾಸ್ಲೋ ಕೂಟದ ಮೊದಲ ಬ್ರಿಟಿಷ್ ಸದಸ್ಯ ಪಟ್ಟಣವಾಯಿತು. ಆ ವರ್ಷಗಳಲ್ಲಿ ಮಿಶೆಲಿನ್ ತಾರೆ ಪಡೆದ ಹೋಟೆಲುಗಳು ಈ ಪುಟ್ಟ ಊರಿನಲ್ಲಿ ಒಂದಲ್ಲ, ಹಲವು. ಅವುಗಳಲ್ಲಿ ಎರಡು ತಾರೆಗಳ ಹೈಬಿಸ್ಕಸ್ 2007ರಲ್ಲಿ ಲಂಡನ್ನಿಗೆ ಎದ್ದುಹೋಯಿತು, ಮಿಸ್ಟರ್ ಅಂಡರ್‌ಹಿಲ್ಸ್ ಮುಂದೆ ಮುಚ್ಚಿತು. ಪ್ರವಾಸಿಗಳ ನಾಲಗೆಯನ್ನೇ ನಂಬಿದ್ದರೆ ಅಲ್ಲಿಗೆ ಊರಿನ ಅದೃಷ್ಟವೂ ಮುಗಿಯಬೇಕಿತ್ತು. ಸಂತೆ ಈಗಲೂ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ನಡೆಯುತ್ತದೆ. ಮೇ ತಿಂಗಳ ಮೊದಲ ದಿನಗಳಲ್ಲಿ ಅದೇ ಮಾಳಕ್ಕೆ ಜಾತ್ರೆಯ ತೊಟ್ಟಿಲುಗಳು ಬರುತ್ತವೆ. ಅಂಗಡಿ ಕಟ್ಟೆಗಳ ಬಾಡಿಗೆ ಎತ್ತಿ ಸಂತೆ ನಡೆಸುವುದು ಲಡ್ಲೋ ಟೌನ್ ಕೌನ್ಸಿಲ್. ಹಳೆಯ ಪುರಸಭೆಯ ಹೆಚ್ಚಿನ ಅಧಿಕಾರಗಳು 1974ರ, 2009ರ ಆಡಳಿತ ಮರುವಿಂಗಡಣೆಗಳಲ್ಲಿ ಜಿಲ್ಲೆಗೂ ಕೌಂಟಿಗೂ ಹೋದವು. ಊರಿನ ಕೈಯಲ್ಲಿ ಉಳಿದ ಕೆಲವೇ ಕೆಲಸಗಳಲ್ಲಿ ಸಂತೆ ಒಂದು.